ಬೇಲಿ ಕಂಬ ನೆಡುವ ಮೊದಲು: ಟೆಕ್ಸಾಸ್‌ನಲ್ಲಿ ಡೀಡ್ ರಿಸ್ಟ್ರಿಕ್ಷನ್ಸ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಹ್ಯೂಸ್ಟನ್ ಹೊರವಲಯದಲ್ಲಿರುವ ನಮ್ಮ ಪರಿಚಯದ ಕುಟುಂಬವೊಂದು ಹಿತ್ತಲಿಗೆ ಎಂಟು ಅಡಿ ಎತ್ತರದ ಸೀಡರ್ ಬೇಲಿ ಹಾಕಿಸಿತು. ಎರಡು ವಾರಕ್ಕೆ ಪತ್ರ ಬಂತು. ಆ ಬಡಾವಣೆಯಲ್ಲಿ ಬೇಲಿ ಆರು ಅಡಿ ಮೀರುವಂತಿಲ್ಲ. ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಪರ್ಮಿಟ್ ಬೇಕಿಲ್ಲ ಅಂತ ಕಂಟ್ರಾಕ್ಟರ್ ಹೇಳಿದ್ದರಲ್ಲ?" ಅವರು ಹೇಳಿದ್ದು ನಿಜ, ಪರ್ಮಿಟ್ ಬೇಕಿರಲಿಲ್ಲ. ಬೇಕಿದ್ದದ್ದು ಬಡಾವಣೆಯ ಒಪ್ಪಿಗೆ. ಕೊನೆಗೆ ಪ್ರತಿ ಹಲಗೆಯ ತಲೆಯನ್ನೂ ಎರಡೆರಡು ಅಡಿ ಕೊಯ್ಯಿಸಬೇಕಾಯಿತು.

ಇಂಥ ಕಥೆ ಡಲ್ಲಾಸ್ ಕಡೆಯಿಂದಲೂ ಆಸ್ಟಿನ್ ಕಡೆಯಿಂದಲೂ ಪದೇ ಪದೇ ಕೇಳಿಬರುತ್ತದೆ. ತಪ್ಪು ಹೆಚ್ಚಾಗಿ ಒಂದೇ: ಕೆಲಸದ ಕ್ರಮ ತಿರುಗುಮುರುಗಾಗಿರುತ್ತದೆ. ಮೊದಲು ಕಂಟ್ರಾಕ್ಟರ್‌ಗೆ ಅಡ್ವಾನ್ಸ್, ಆಮೇಲೆ ಅರ್ಜಿ, ಸರ್ವೆ ನಕ್ಷೆ ನೋಡುವುದು ಎಲ್ಲಕ್ಕಿಂತ ಕೊನೆಗೆ. ಸರಿಯಾದ ಕ್ರಮ ಇದರ ಪೂರ್ತಿ ಉಲ್ಟಾ. ಊರಲ್ಲಿ ಸೈಟ್ ನಮ್ಮದಾದರೆ ಕಾಂಪೌಂಡ್ ಹೇಗಿರಬೇಕೆಂದು ನಾವೇ ತೀರ್ಮಾನಿಸಿ ಅಭ್ಯಾಸ. ಇಲ್ಲಿ ಮನೆ ನಿಮ್ಮದೇ ಆದರೂ, ಆ ಜಾಗದ ಮೇಲೆ ಬರೆದ ಷರತ್ತುಗಳು, ಅಂದರೆ ಡೀಡ್ ರಿಸ್ಟ್ರಿಕ್ಷನ್ಸ್, ಮನೆಯ ಜೊತೆಗೇ ನಿಮಗೆ ಬಂದಿರುತ್ತವೆ. ಮನೆ ಕೊಳ್ಳುವಾಗ ನೀವು ಅದನ್ನು ಓದಿದ್ದೀರೋ ಇಲ್ಲವೋ, ಷರತ್ತಿಗೆ ಅದು ಲೆಕ್ಕಕ್ಕಿಲ್ಲ.

ಇಲ್ಲಿ ಹೇಳುವುದೆಲ್ಲ ಟೆಕ್ಸಾಸ್‌ಗೆ ಸೇರಿದ್ದು. ಬೇರೆ ರಾಜ್ಯದಲ್ಲಿ ಕಾನೂನೂ ಗಡುವುಗಳೂ ಬೇರೆ.

## ಶುರುವಿಗೆ ಮೊದಲು ಜೋಡಿಸಿಕೊಳ್ಳಬೇಕಾದದ್ದು

ಮನೆ ಕೊಂಡಾಗ ಕೊಟ್ಟ ಸರ್ವೆ ನಕ್ಷೆ ಬೇಕು. ಕ್ಲೋಸಿಂಗ್ ದಿನ, ಅಂದರೆ ಮನೆ ನಿಮ್ಮ ಹೆಸರಿಗಾದ ದಿನ, ಬಂದ ಕಾಗದದ ಕಟ್ಟಿನಲ್ಲಿ ಅದು ಇರುತ್ತದೆ. ಸಿಗದಿದ್ದರೆ ಖರೀದಿಯ ಕಾಗದಪತ್ರ ನೋಡಿಕೊಂಡ ಟೈಟಲ್ ಕಂಪನಿಗೆ ಇಮೇಲ್ ಮಾಡಿ. ಜೊತೆಗೆ ನೂರು ಅಡಿಯ ಟೇಪ್, ನಾಲ್ಕಾರು ಗೂಟ, ದಾರ ಇಟ್ಟುಕೊಳ್ಳಿ. ಈಗಿರುವ ಬೇಲಿಯ ಫೋಟೋಗಳನ್ನು ಎಲ್ಲ ಕಡೆಯಿಂದ ಇವತ್ತೇ ತೆಗೆದಿಡಿ. ಮುಂದೆ ತಕರಾರು ಬಂದರೆ "ಮೊದಲು ಹೀಗಿತ್ತು" ಎಂದು ತೋರಿಸಲು ಬೇರೆ ದಾರಿಯೇ ಇರುವುದಿಲ್ಲ.

ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಪ್ರತಿ ಪತ್ರ, ಇಮೇಲ್, ರಸೀದಿಯನ್ನು ದಿನಾಂಕದ ಸಮೇತ ಅಲ್ಲಿ ಹಾಕುತ್ತಾ ಹೋಗಿ. ಫೋನಿನಲ್ಲಿ ಮಾತಾಡಿದರೆ ಅದೇ ದಿನ "ನೀವು ಇಂದು ಹೀಗೆ ಹೇಳಿದಿರಿ" ಎಂದು ಇಮೇಲ್ ಕಳಿಸಿ.

## ಹಂತ 1: ನಿಮ್ಮ ಜಾಗಕ್ಕೆ ಅನ್ವಯಿಸುವ ದಾಖಲೆಗಳನ್ನು ಹುಡುಕಿ

ನಿಮ್ಮ ಜಾಗದ ಕಾನೂನು ವಿವರಣೆ ಮೊದಲು ಗೊತ್ತಾಗಬೇಕು. ಲಾಟ್ ಎಷ್ಟು, ಬ್ಲಾಕ್ ಎಷ್ಟು, ಬಡಾವಣೆಯ ಹೆಸರೇನು, ಸೆಕ್ಷನ್ ಎಷ್ಟು ಎಂಬುದು ನಿಮ್ಮ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ (ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿ) ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಸಿಗುತ್ತದೆ. ಅದನ್ನು ಹಿಡಿದು ಕೌಂಟಿ ಕ್ಲರ್ಕ್ ಕಚೇರಿಯ ಆಸ್ತಿ ದಾಖಲೆಗಳಲ್ಲಿ ಹುಡುಕಿ.

ಇಲ್ಲಿ ಜಾಸ್ತಿ ಜನ ಎಡವುವುದು ಸೆಕ್ಷನ್ ವಿಷಯದಲ್ಲಿ. ದೊಡ್ಡ ಬಡಾವಣೆಗಳನ್ನು ತುಂಡು ತುಂಡಾಗಿ ಕಟ್ಟಿರುತ್ತಾರೆ. ಸೆಕ್ಷನ್ 2ರ ಷರತ್ತು ಸೆಕ್ಷನ್ 5ಕ್ಕೆ ಅನ್ವಯಿಸದೇ ಇರಬಹುದು. ಆಚೆ ಬೀದಿಯ ಗೆಳೆಯರು ಕಳಿಸಿದ ಪಿಡಿಎಫ್ ನೋಡಿ ಬೇಲಿ ಹಾಕಿಸಬೇಡಿ.

ನೋಡಬೇಕಾದ ಕಾಗದಗಳು ಇಷ್ಟು: ಬಡಾವಣೆಯ ನೋಂದಾಯಿತ ನಕ್ಷೆ, ಅಂದರೆ ಪ್ಲಾಟ್. ಡಿಕ್ಲರೇಷನ್ ಎಂಬ ಮೂಲ ಷರತ್ತುಪತ್ರ. ಅದಕ್ಕೆ ಆಮೇಲೆ ಮಾಡಿದ ತಿದ್ದುಪಡಿಗಳು. ಕೊನೆಗೆ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಮಾಡಿದ ವಿನ್ಯಾಸ ನಿಯಮಗಳು. ಬೇಲಿಯ ಬಣ್ಣ, ಹಲಗೆಯ ಅಗಲದಂಥ ಸೂಕ್ಷ್ಮಗಳೆಲ್ಲ ಸಾಮಾನ್ಯವಾಗಿ ಈ ಕೊನೆಯದರಲ್ಲೇ ಇರುತ್ತವೆ. ಮೂಲ ಷರತ್ತುಪತ್ರಕ್ಕೂ ಇದಕ್ಕೂ ಹೊಂದಾಣಿಕೆ ಆಗದಿದ್ದರೆ ಮೂಲ ಪತ್ರಕ್ಕೇ ತೂಕ ಜಾಸ್ತಿ.

ನಿಮ್ಮ ಎಚ್‌ಒಎ ಯಾರು ನಡೆಸುತ್ತಾರೆ ಎಂದೇ ಗೊತ್ತಿಲ್ಲದಿದ್ದರೆ ರಾಜ್ಯದ ಎಚ್‌ಒಎ ಜಾಲತಾಣದಲ್ಲಿ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ನೋಡಿ. ವಿಳಾಸ, ಫೋನ್ ಎಲ್ಲ ಅದರಲ್ಲಿ ಇರುತ್ತದೆ. ದಾಖಲೆ ಕೊಡಲು ಸತಾಯಿಸಿದರೆ ಆ ವಿಳಾಸಕ್ಕೆ ಸರ್ಟಿಫೈಡ್ ಅಂಚೆಯಲ್ಲಿ ಲಿಖಿತ ಕೋರಿಕೆ ಕಳಿಸಿ. ಅವರು 10 ಕೆಲಸದ ದಿನಗಳೊಳಗೆ ದಾಖಲೆ ಕೊಡಬೇಕು, ಇಲ್ಲವೇ ಯಾವ ದಿನ ಕೊಡುತ್ತೇವೆ ಎಂದು ತಿಳಿಸಬೇಕು.

"ನಮ್ಮಲ್ಲಿ ಎಚ್‌ಒಎ ಇಲ್ಲ, ಹಾಗಾಗಿ ಷರತ್ತೂ ಇಲ್ಲ" ಎನ್ನುವವರಿಗೆ ಒಂದು ಮಾತು. ಎಚ್‌ಒಎ ಇಲ್ಲದ ಹಳೇ ಬಡಾವಣೆಗಳಲ್ಲೂ ಡೀಡ್ ರಿಸ್ಟ್ರಿಕ್ಷನ್ಸ್ ಇರುತ್ತವೆ. ಪಕ್ಕದ ಮನೆಯವರೇ ಕೋರ್ಟಿಗೆ ಹೋಗಿ ಅದನ್ನು ಜಾರಿ ಮಾಡಿಸಬಹುದು. ಹ್ಯೂಸ್ಟನ್‌ನಲ್ಲಿ ಎಲ್ಲಿ ಏನು ಕಟ್ಟಬಹುದೆಂದು ನಗರವೇ ಗೊತ್ತುಮಾಡುವ ಜೋನಿಂಗ್ ಕಾನೂನು ಇಲ್ಲ. ಅದಕ್ಕೇ ಅಲ್ಲಿ ಈ ಷರತ್ತುಗಳಿಗೆ ಇನ್ನೂ ಹೆಚ್ಚು ಬೆಲೆ. ಕೆಲವು ಬಗೆಯ ಷರತ್ತುಗಳನ್ನು ನಗರದ ಕಾನೂನು ವಿಭಾಗವೇ ಜಾರಿ ಮಾಡಿಸುತ್ತದೆ.

## ಹಂತ 2: ಪೆನ್ನು ಹಿಡಿದು ಓದಿ

ಎಪ್ಪತ್ತು ಪುಟ ನೋಡಿ ಗಾಬರಿಯಾಗಬೇಡಿ. ಬೇಲಿ, ಗೋಡೆ, ಹೊರಕಟ್ಟಡ, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ), ಈಸ್‌ಮೆಂಟ್ (ನಿಮ್ಮ ಜಾಗದಲ್ಲಿ ಬೇರೆಯವರಿಗೆ ಬಳಕೆಯ ಹಕ್ಕಿರುವ ಪಟ್ಟಿ), ವಿನ್ಯಾಸ ಸಮಿತಿ (ಅರ್ಜಿ ನೋಡಿ ಒಪ್ಪಿಗೆ ಕೊಡುವ ಸಮಿತಿ), ವೇರಿಯನ್ಸ್ (ನಿಯಮದಿಂದ ವಿನಾಯಿತಿ) ಎಂಬ ಭಾಗಗಳನ್ನು ಮೊದಲು ಹುಡುಕಿ ಗುರುತು ಹಾಕಿ.

ಬೇಲಿಗೆ ಎತ್ತರ, ಸಾಮಗ್ರಿ, ಬಣ್ಣ ಮೂರನ್ನೂ ನೋಡಬೇಕು. ಹಲಗೆಯ ಚಂದದ ಮುಖ ಯಾವ ಕಡೆ ತಿರುಗಿರಬೇಕು ಎಂಬುದನ್ನೂ ನೋಡಿ. ಬೀದಿ ಕಡೆಗೆ ಕಂಬ, ಅಡ್ಡಪಟ್ಟಿ ಕಾಣಬಾರದು ಎಂಬ ನಿಯಮ ತುಂಬ ಕಡೆ ಇದೆ. ಕೆರೆ, ಗಾಲ್ಫ್ ಮೈದಾನ, ಹಸಿರುಪಟ್ಟಿಗೆ ತಾಗಿದ ಹಿತ್ತಲಾದರೆ ಮರದ ಬೇಲಿ ನಡೆಯದು, ಕಬ್ಬಿಣದ ಸರಳಿನ ಬೇಲಿಯೇ ಬೇಕು ಎಂದಿರುತ್ತದೆ.

ಶೆಡ್‌ಗೆ ತಳದ ಅಳತೆ, ಒಟ್ಟು ಎತ್ತರ, ಚಾವಣಿಯ ಬಣ್ಣ ಮುಖ್ಯ. ಪ್ಯಾಟಿಯೊ ಕವರ್‌ಗೆ (ಹಿತ್ತಲ ಜಗುಲಿಯ ಮೇಲಿನ ಮಾಡು) ಮನೆಯ ಚಾವಣಿಗೆ ಹೊಂದುವ ಶಿಂಗಲ್, ಅಂದರೆ ಚಾವಣಿಗೆ ಹೊದಿಸುವ ಹಾಳೆ, ಕೇಳುತ್ತಾರೆ.

ನಮ್ಮವರಿಗೆ ಬೇಕಾದ ಇನ್ನೊಂದು ವಿಷಯ ಹೇಳಲೇಬೇಕು: ತರಕಾರಿ ಚಪ್ಪರ. ಹಾಗಲ, ಪಡವಲ, ಹೀರೆ ಬಳ್ಳಿಗೆ ಹಿತ್ತಲಲ್ಲಿ ಏಳೆಂಟು ಅಡಿಯ ಚಪ್ಪರ ಹಾಕುತ್ತೇವೆ, ಅಲ್ವಾ? ನಮಗದು ತೋಟ. ಷರತ್ತುಪತ್ರ ಬರೆದವರಿಗೆ ಬೇಲಿಯ ಮೇಲೆ ತಲೆ ಎತ್ತಿ ಕಾಣುವ ಯಾವುದೂ 'ಸ್ಟ್ರಕ್ಚರ್' ಆಗಬಹುದು. ಆ ಪದದ ಅರ್ಥವನ್ನು ನಿಮ್ಮ ಪತ್ರ ಹೇಗೆ ಬರೆದಿದೆ ಎಂದು ನೋಡಿ. ಎಷ್ಟೋ ಸಲ ಚಪ್ಪರವನ್ನು ಬೇಲಿಗಿಂತ ಅರ್ಧ ಅಡಿ ತಗ್ಗಿಸಿದರೆ ತಂಟೆಯೇ ಇರುವುದಿಲ್ಲ.

ಇನ್ನು ಸಮಿತಿ ಸುಮ್ಮನಿದ್ದರೆ ಏನರ್ಥ? ಕೆಲವು ಪತ್ರಗಳಲ್ಲಿ ಇಂತಿಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದಿರುತ್ತದೆ. ಇನ್ನು ಕೆಲವದರಲ್ಲಿ ಉತ್ತರ ಬರದಿದ್ದರೆ ನಿರಾಕರಿಸಿದಂತೆ. ಎರಡೂ ರೂಢಿಯಲ್ಲಿವೆ. ನಿಮ್ಮದು ಯಾವುದು ಎಂದು ಆ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ.

## ಹಂತ 3: ಸರ್ವೆ ನಕ್ಷೆ ಹಿಡಿದು ಹಿತ್ತಲಲ್ಲಿ ನಡೆಯಿರಿ

ನಕ್ಷೆಯ ಮೇಲೆ ಚುಕ್ಕೆ ಗೆರೆಗಳು ಇರುತ್ತವೆ. 'ಬಿ.ಎಲ್.' ಅಂದರೆ ಬಿಲ್ಡಿಂಗ್ ಲೈನ್, ಅದರಾಚೆ ಕಟ್ಟಡ ಬರುವಂತಿಲ್ಲ. 'ಯು.ಇ.' ಅಂದರೆ ವಿದ್ಯುತ್, ನೀರು, ಕೇಬಲ್ ಕಂಪನಿಗಳಿಗೆ ಬಿಟ್ಟ ಪಟ್ಟಿ. 'ಡಿ.ಇ.' ಅಂದರೆ ಮಳೆ ನೀರು ಹರಿಯುವ ಪಟ್ಟಿ.

ಈಸ್‌ಮೆಂಟ್ ಮೇಲೆ ಬೇಲಿ ಹಾಕಲು ಬಹಳ ಕಡೆ ಬಿಡುತ್ತಾರೆ. ಆದರೆ ಕಂಪನಿಯವರು ಕೆಲಸಕ್ಕೆ ಬಂದು ಅದನ್ನು ಕಿತ್ತರೆ ಮತ್ತೆ ಹಾಕಿಸುವ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಶೆಡ್, ಕಾಂಕ್ರೀಟ್ ಚಪ್ಪಡಿ, ಪ್ಯಾಟಿಯೊ ಕಂಬವನ್ನಂತೂ ಅಲ್ಲಿ ಇಡಬೇಡಿ. ಎಚ್‌ಒಎ ಒಪ್ಪಿದರೂ ಈಸ್‌ಮೆಂಟ್ ಹಕ್ಕುದಾರರು ಒಪ್ಪಿದಂತೆ ಆಗುವುದಿಲ್ಲ.

ಮನೆಗಳ ನಡುವೆ ತಗ್ಗಾದ ಹುಲ್ಲಿನ ಕಾಲುವೆ ಕಂಡರೆ ಅದು ಸುಮ್ನೆ ತಗ್ಗಲ್ಲ. ಮಳೆ ನೀರು ಬೀದಿಗೆ ಹೋಗುವ ದಾರಿ. ಬೇಲಿಯ ಬುಡವನ್ನು ನೆಲಕ್ಕೆ ಪೂರ್ತಿ ಮುಚ್ಚಿದರೆ ನೀರು ಪಕ್ಕದವರ ಹಿತ್ತಲಲ್ಲಿ ನಿಲ್ಲುತ್ತದೆ. ಹ್ಯೂಸ್ಟನ್‌ನ ಅಂಟು ಮಣ್ಣಿನಲ್ಲಿ ಅದು ಇಂಗುವುದೂ ಇಲ್ಲ.

ಹಳೇ ಬೇಲಿ ಇದ್ದಲ್ಲೇ ಗಡಿ ಇದೆ ಎಂದು ನಂಬಬೇಡಿ. ಮೂಲೆಯ ಕಬ್ಬಿಣದ ಗೂಟ ಸಿಗುತ್ತದೋ ಹುಡುಕಿ, ದಾರ ಕಟ್ಟಿ ನೋಡಿ. ಅರ್ಧ ಅಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಪರವಾನಗಿ ಇರುವ ಸರ್ವೆಯರ್ ಕರೆಸಿ. ಆ ಖರ್ಚು ಹೊಟ್ಟೆ ಉರಿಸುತ್ತದೆ, ನಿಜ. ಬೇಲಿ ಕಿತ್ತು ಮತ್ತೆ ಹಾಕಿಸುವ ಖರ್ಚಿನ ಮುಂದೆ ಅದು ಸಣ್ಣದು.

## ಹಂತ 4: ಸಿಟಿ ಪರ್ಮಿಟ್ ಬೇರೆ, ಎಚ್‌ಒಎ ಒಪ್ಪಿಗೆ ಬೇರೆ

ಒಂದು ಸಿಕ್ಕಿತೆಂದರೆ ಇನ್ನೊಂದು ಸಿಕ್ಕಂತಲ್ಲ. ಎರಡರಲ್ಲಿ ಯಾವುದು ಬಿಗಿಯೋ ಅದನ್ನು ಪಾಲಿಸಬೇಕು.

ಅಮೆರಿಕದ ನಗರಗಳು ಮಾದರಿಯಾಗಿ ಬಳಸುವ ವಸತಿ ಕಟ್ಟಡ ಸಂಹಿತೆಯಲ್ಲಿ 7 ಅಡಿವರೆಗಿನ ಬೇಲಿಗೂ 200 ಚದರಡಿವರೆಗಿನ ಒಂದಂತಸ್ತಿನ ಬಿಡಿ ಶೆಡ್‌ಗೂ ಪರ್ಮಿಟ್ ವಿನಾಯಿತಿ ಇದೆ. ಆದರೆ ಪ್ರತಿ ನಗರವೂ ಇದನ್ನು ತನಗೆ ಬೇಕಾದಂತೆ ಬದಲಿಸಿಕೊಂಡಿದೆ. ಹ್ಯೂಸ್ಟನ್ ನಗರದಲ್ಲಿ 8 ಅಡಿ ಮೀರಿದ ಬೇಲಿಗೆ ಪರ್ಮಿಟ್ ಬೇಕು. ಡಲ್ಲಾಸ್‌ನಲ್ಲಿ ಮನೆಯ ಮುಂದಿನ ಅಂಗಳದ ಬೇಲಿಗೆ 4 ಅಡಿಯ ಮಿತಿ ಇದೆ. ಹಾಗಾಗಿ ನಿಮ್ಮ ನಗರದ ಕಟ್ಟಡ ವಿಭಾಗವನ್ನೇ ಕೇಳಿ, ಉತ್ತರ ಇಮೇಲ್‌ನಲ್ಲಿ ಪಡೆಯಿರಿ.

ಮನೆಗೆ ಅಂಟಿಸಿ ಕಟ್ಟುವ ಪ್ಯಾಟಿಯೊ ಕವರ್‌ಗೆ, ವಿದ್ಯುತ್ ಅಥವಾ ಗ್ಯಾಸ್ ಎಳೆಯುವ ಹೊರ ಅಡುಗೆಮನೆಗೆ ಪರ್ಮಿಟ್ ಬೇಕಾಗುತ್ತದೆ ಎಂದುಕೊಂಡೇ ಹೊರಡಿ. ಈಜುಕೊಳ ಇದ್ದರೆ ಬೇಲಿ ಮಕ್ಕಳ ಜೀವದ ವಿಷಯ. ಕನಿಷ್ಠ 48 ಇಂಚು ಎತ್ತರ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು ಇರಬೇಕು. ಹಳೇ ಬೇಲಿ ಕಿತ್ತು ಹೊಸದು ಏಳುವ ತನಕ ತಾತ್ಕಾಲಿಕ ತಡೆ ಹಾಕದೆ ಒಂದು ರಾತ್ರಿಯೂ ಬಿಡಬೇಡಿ.

## ಹಂತ 5: ಪಕ್ಕದ ಮನೆಯವರ ಜೊತೆ ಮಾತಾಡಿ

ಬಡಾವಣೆಯ ಬೇಲಿಗಳು ಹೆಚ್ಚಾಗಿ ಎರಡು ಮನೆಗೆ ಸೇರಿದವು. ಟೆಕ್ಸಾಸ್‌ನಲ್ಲಿ ಅರ್ಧ ಖರ್ಚು ಕೊಡಲೇಬೇಕೆಂದು ಪಕ್ಕದವರನ್ನು ಕಟ್ಟಿಹಾಕುವ ರಾಜ್ಯ ಕಾನೂನು ಇಲ್ಲ. ಷರತ್ತುಪತ್ರದಲ್ಲಿ ಬರೆದಿದ್ದರೆ ಮಾತ್ರ ಕೇಳಬಹುದು. ಉಳಿದಂತೆ ಅವರ ಮನಸ್ಸು.

ಕೊಟೇಶನ್ ಹಿಡಿದು ಹೋಗಿ, ನಾಯಿ ಇದೆಯಾ, ಕೆಲಸದ ದಿನ ಎಲ್ಲಿ ಕಟ್ಟುತ್ತೀರಿ ಎಂದೂ ಕೇಳಿ. ಒಪ್ಪಿದರೆ ಒಂದು ಪುಟದಲ್ಲಿ ಎತ್ತರ, ಸಾಮಗ್ರಿ, ಯಾರ ಪಾಲು ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ. ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ಅವರಿಗೆ ಸೇರಿದ ಬೇಲಿಯನ್ನು ಕೇಳದೆ ಕೀಳಲೂಬೇಡಿ.

## ಹಂತ 6: ಅರ್ಜಿಯನ್ನು ತಿರಸ್ಕರಿಸಲು ಕಾರಣ ಸಿಗದಂತೆ ಬರೆಯಿರಿ

ಅರ್ಜಿ ಹೋಗುವುದು ವಿನ್ಯಾಸ ಸಮಿತಿಗೆ. ಎಸಿಸಿ ಅಥವಾ ಎಆರ್‌ಸಿ ಎನ್ನುತ್ತಾರೆ. ಅರ್ಜಿ ವಾಪಸ್ ಬರುವುದು ಬೇಲಿ ಕೆಟ್ಟದೆಂದು ಅಲ್ಲ, ಮಾಹಿತಿ ಸಾಲದೆಂದು. "ಹೊಸ ಮರದ ಬೇಲಿ, ಹಿತ್ತಲಿಗೆ" ಎಂದಷ್ಟೇ ಬರೆದರೆ ವಾಪಸ್ ಗ್ಯಾರಂಟಿ.

ಸರ್ವೆ ನಕ್ಷೆಯ ಪ್ರತಿ ತೆಗೆದು ಅದರ ಮೇಲೆ ಬೇಲಿಯ ಗೆರೆಯನ್ನು ಕೆಂಪಿನಲ್ಲಿ ಎಳೆಯಿರಿ. ಗೇಟು ಎಲ್ಲಿ, ಎಷ್ಟು ಅಗಲ ಎಂದು ಬರೆಯಿರಿ. ಪ್ರತಿ ಬದಿಯ ಉದ್ದ, ನೆಲದಿಂದ ಎತ್ತರ ಬರೆಯಿರಿ. ಕೆಳಗೆ ಗೆದ್ದಲು, ಕೊಳೆ ತಡೆಯಲು ಅಡ್ಡ ಹಲಗೆ ಹಾಕಿಸುವುದಾದರೆ ಅದನ್ನೂ ಒಟ್ಟು ಎತ್ತರಕ್ಕೆ ಸೇರಿಸಿ. ಆರು ಅಡಿ ಹಲಗೆಯ ಕೆಳಗೆ ಆರು ಇಂಚಿನ ಪಟ್ಟಿ, ಮೇಲೆ ಟೋಪಿ ಹಲಗೆ ಹಾಕಿದರೆ ಬೇಲಿ ಆರೂವರೆ ಅಡಿ ದಾಟುತ್ತದೆ. ಈ ಲೆಕ್ಕ ತಪ್ಪಿ ನೋಟಿಸ್ ಬಂದವರು ಕಡಿಮೆಯಿಲ್ಲ.

ಮರ ಯಾವುದು, ಕಂಬ ಮರದ್ದೋ ಉಕ್ಕಿನದೋ, ಸ್ಟೇನ್ ಬಳಿಯುವುದಾದರೆ ಕಂಪನಿ ಮತ್ತು ಬಣ್ಣದ ಹೆಸರು ಹಾಕಿ. ಬಣ್ಣದ ಚೂರು ಅಥವಾ ಫೋಟೋ ಅಂಟಿಸಿ. ಅದೇ ಬೀದಿಯಲ್ಲಿ ಅಂಥದೇ ಬೇಲಿ ಇದ್ದರೆ ಬೀದಿಯಿಂದ ಕಾಣುವ ಫೋಟೋ ಇಡಿ. ಕಂಟ್ರಾಕ್ಟರ್ ಕೊಟ್ಟ ಕೊಟೇಶನ್, ಕೆಲಸ ಮುಗಿಯುವ ಅಂದಾಜು ದಿನವೂ ಇರಲಿ.

ನಿಯಮಕ್ಕೆ ಹೊರತಾದದ್ದು ಬೇಕಿದ್ದರೆ ಅದನ್ನು ಮುಚ್ಚಿಡಬೇಡಿ. "ವೇರಿಯನ್ಸ್ ಕೋರುತ್ತೇನೆ" ಎಂದು ಸ್ಪಷ್ಟವಾಗಿ ಬರೆದು ಕಾರಣ ಕೊಡಿ. "ನಮಗೆ ಇಷ್ಟ" ಎಂಬುದು ಕಾರಣವಾಗದು. "ನಮ್ಮ ಹಿತ್ತಲು ಪಕ್ಕದ ರಸ್ತೆಗಿಂತ ಎರಡು ಅಡಿ ತಗ್ಗಿದೆ, ಆರು ಅಡಿ ಬೇಲಿ ಹಾಕಿದರೂ ಒಳಗೆಲ್ಲ ಕಾಣುತ್ತದೆ" ಎಂಬುದು ಕಾರಣ. ಫೋಟೋದಲ್ಲಿ ಟೇಪ್ ಹಿಡಿದು ತೋರಿಸಿ.

ಹಳೇದು ಬಿದ್ದುಹೋಗಿ ಅದೇ ರೀತಿಯದನ್ನು ಹಾಕಿಸುವಾಗಲೂ ಅರ್ಜಿ ಬೇಕೇ ಎಂದು ಕೇಳಿಕೊಳ್ಳಿ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಹ್ಯೂಸ್ಟನ್ ಸುತ್ತ ಬೇಲಿಗಳನ್ನು ಮಲಗಿಸಿತು. ಅಂಥ ಹೊತ್ತಲ್ಲಿ ಅವಸರ ಸಹಜ, ಆದರೂ ಒಂದು ಇಮೇಲ್ ಕಳಿಸಿ ಉತ್ತರ ಪಡೆದೇ ಕೆಲಸ ಶುರು ಮಾಡಿ.

ಕಳಿಸಿದ ಮೇಲೆ "ಅರ್ಜಿ ಪೂರ್ಣವಾಗಿದೆ, ಈ ದಿನ ಸ್ವೀಕರಿಸಿದ್ದೇವೆ" ಎಂಬ ಲಿಖಿತ ಉತ್ತರ ಕೇಳಿ. ಗಡುವು ಎಣಿಕೆಯಾಗುವುದು ಪೂರ್ಣ ಅರ್ಜಿ ಸಿಕ್ಕ ದಿನದಿಂದ.

## ಹಂತ 7: ನಿರಾಕರಿಸಿದರೆ

ಪತ್ರವನ್ನು ನಿಧಾನವಾಗಿ ಓದಿ. ನಲವತ್ತಕ್ಕಿಂತ ಹೆಚ್ಚು ಲಾಟ್ ಇರುವ ಎಚ್‌ಒಎಗೆ ಟೆಕ್ಸಾಸ್ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯ ಕೆಲವು ಕಟ್ಟುಪಾಡು ಹಾಕಿದೆ. ಬಿಲ್ಡರ್ ಕೈಯಲ್ಲೇ ಇರುವ ಹೊಸ ಬಡಾವಣೆಗಳಿಗೆ ಇದು ಅನ್ವಯಿಸದು. ನಿರಾಕರಣೆ ಲಿಖಿತವಾಗಿರಬೇಕು. ಯಾಕೆ ಎಂಬ ಕಾರಣ, ಏನು ಬದಲಿಸಿದರೆ ಒಪ್ಪುತ್ತೇವೆ ಎಂಬ ವಿವರ ಇರಬೇಕು. ಪತ್ರ ಕಳಿಸಿದ 30 ದಿನಗಳೊಳಗೆ ನೀವು ಎಚ್‌ಒಎ ಆಡಳಿತ ಮಂಡಳಿಯ ಮುಂದೆ ವಿಚಾರಣೆ ಕೇಳಬಹುದು ಎಂದೂ ತಿಳಿಸಿರಬೇಕು. ಇದು 2021ರಿಂದ ಜಾರಿಯಲ್ಲಿದೆ. ಮಂಡಳಿಯ ಸದಸ್ಯರಾಗಲಿ, ಅವರ ಗಂಡ ಹೆಂಡತಿಯಾಗಲಿ, ಅವರ ಮನೆಯಲ್ಲೇ ಇರುವವರಾಗಲಿ ವಿನ್ಯಾಸ ಸಮಿತಿಯಲ್ಲಿ ಕೂರುವಂತಿಲ್ಲ.

ಕೇಳಿದ ಬದಲಾವಣೆ ಸಣ್ಣದಾಗಿದ್ದರೆ ಮಾಡಿ ಮತ್ತೆ ಕಳಿಸಿ. ಅದೇ ಬೇಗ ಮುಗಿಯುವ ದಾರಿ. ಅನ್ಯಾಯ ಅನಿಸಿದರೆ ವಿಚಾರಣೆ ಕೇಳಿ. ಅಲ್ಲಿ ಮಾತನ್ನು ಆಡಿಯೊ ರೆಕಾರ್ಡ್ ಮಾಡಿಕೊಳ್ಳುವ ಹಕ್ಕು ನಿಮಗಿದೆ. "ಅವರಿಗೆ ಬಿಟ್ಟಿರಿ, ನಮಗೆ ಯಾಕಿಲ್ಲ?" ಎಂದು ಕೂಗಾಡಿದರೆ ಕೆಲಸವಾಗದು. ವಿಳಾಸ, ಫೋಟೋ, ಅಳತೆ ಪಟ್ಟಿ ಮಾಡಿ ಇಡಿ. ಕಾನೂನು ಎಚ್‌ಒಎ ನಿರ್ಧಾರವನ್ನು ಮೊದಲಿಗೆ ಸರಿ ಎಂದೇ ಭಾವಿಸುತ್ತದೆ. ಅದು ಮನಸ್ಸಿಗೆ ಬಂದಂತೆ ಅಥವಾ ಭೇದ ಮಾಡಿ ತೆಗೆದುಕೊಂಡದ್ದು ಎಂದು ತೋರಿಸುವ ಹೊರೆ ನಿಮ್ಮ ಮೇಲೆ.

## ಹಂತ 8: ಈಗ ಕಂಟ್ರಾಕ್ಟರ್, ಈಗ ಗುಂಡಿ

ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ಅಡ್ವಾನ್ಸ್ ಕೊಡಿ. ಅದರಲ್ಲಿನ ಅಳತೆ, ಬಣ್ಣವನ್ನು ಹಾಗೇ ಕರಾರಿಗೆ ಸೇರಿಸಿ. ಒಪ್ಪಿಗೆಗೂ ಅವಧಿ ಇರುತ್ತದೆ, ಅದರೊಳಗೆ ಮುಗಿಸಿ.

ಅಗೆಯುವ ಮೊದಲು, ನೆಲದಡಿಯ ಪೈಪು, ತಂತಿ ಗುರುತಿಸಿಕೊಡುವ ಸೇವೆಯ ಸಂಖ್ಯೆ 811ಕ್ಕೆ ಕರೆ ಮಾಡಿ. ಉಚಿತ. ಕನಿಷ್ಠ ಎರಡು ಕೆಲಸದ ದಿನ ಮೊದಲು ಹೇಳಬೇಕು. ಅವರು ಬಂದು ನೆಲದ ಮೇಲೆ ಗುರುತು ಹಾಕುತ್ತಾರೆ: ಕೆಂಪು ವಿದ್ಯುತ್, ಹಳದಿ ಗ್ಯಾಸ್, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ. ಸ್ಪ್ರಿಂಕ್ಲರ್ ಪೈಪು, ಗ್ರಿಲ್‌ಗೆ ನೀವೇ ಎಳೆಸಿದ ಗ್ಯಾಸ್ ಲೈನ್ ಅವರು ಗುರುತಿಸುವುದಿಲ್ಲ. ಅದನ್ನು ನೀವೇ ಹುಡುಕಬೇಕು.

ಕಂಬ ನೆಟ್ಟ ದಿನ, ಹಲಗೆ ಹೊಡೆಯುವ ಮೊದಲು, ಎತ್ತರ ಅಳೆಯಿರಿ. ತಪ್ಪಾಗಿದ್ದರೆ ಆ ದಿನ ಸರಿಪಡಿಸುವುದು ಸುಲಭ.

## ಹಂತ 9: ನೋಟಿಸ್ ಬಂದುಬಿಟ್ಟರೆ

ಪತ್ರವನ್ನು ಡ್ರಾಯರ್‌ಗೆ ಹಾಕಬೇಡಿ. ವಿಚಾರಣೆ ಕೇಳುವ 30 ದಿನ ಎಣಿಕೆಯಾಗುವುದು ನಿಮಗೆ ಪತ್ರ ಸಿಕ್ಕ ದಿನದಿಂದ ಅಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ. ಬೇಸಿಗೆಯಲ್ಲಿ ಐದಾರು ವಾರ ಊರಿಗೆ ಹೋಗುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಹೊರಡುವ ಮೊದಲು ನಂಬಿಕಸ್ತರಿಗೆ ಟಪಾಲು ತೆರೆದು ಫೋಟೋ ಕಳಿಸಲು ಹೇಳಿಹೋಗಿ.

ದಂಡ ಹಾಕುವ ಮೊದಲು ಎಚ್‌ಒಎ ತಪ್ಪು ಏನೆಂದು ಬರೆದು, ಸರಿಪಡಿಸಲು ಒಂದು ದಿನಾಂಕ ಕೊಡಬೇಕು. ಆರು ತಿಂಗಳೊಳಗೆ ಅದೇ ಬಗೆಯ ತಪ್ಪಿಗೆ ಮೊದಲೇ ನೋಟಿಸ್ ಕೊಟ್ಟಿದ್ದರೆ ಮತ್ತೆ ಕಾಲಾವಕಾಶ ಕೊಡಬೇಕಿಲ್ಲ. ವಿಚಾರಣೆಗೆ 10 ದಿನ ಮೊದಲು ಅವರು ತೋರಿಸಲಿರುವ ದಾಖಲೆಗಳನ್ನು ನಿಮಗೆ ಕೊಡಬೇಕು. ಕೊಡದಿದ್ದರೆ ವಿಚಾರಣೆಯನ್ನು 15 ದಿನ ಮುಂದೂಡಿಸಿಕೊಳ್ಳುವ ಹಕ್ಕು ನಿಮಗಿದೆ. ಯಾವ ತಪ್ಪಿಗೆ ಎಷ್ಟು ದಂಡ ಎಂಬ ಲಿಖಿತ ನೀತಿ ಇರಬೇಕೆಂಬ ಕಾನೂನು 2024ರ ಜನವರಿ 1ರಿಂದ ಬಂದಿದೆ. ಅದನ್ನು ಕೇಳಿ ಪಡೆಯಿರಿ.

ಬರೀ ದಂಡದ ಬಾಕಿಗೆ ಮನೆ ಹರಾಜು ಹಾಕುವಂತಿಲ್ಲ. ಹಾಗೆಂದು ಸುಮ್ಮನೆ ಕೂರಬೇಡಿ. ವಿಷಯ ಕೋರ್ಟಿಗೆ ಹೋದರೆ ಷರತ್ತು ಮುರಿದದ್ದಕ್ಕೆ ದಿನಕ್ಕೆ 200 ಡಾಲರ್‌ವರೆಗೂ ಹಾಕಬಹುದು, ವಕೀಲರ ಖರ್ಚು ಬೇರೆ. ಎಚ್‌ಒಎಯೇ 209ನೇ ಅಧ್ಯಾಯ ಮುರಿದಿದ್ದರೆ ನೀವು ನಿಮ್ಮ ಪ್ರದೇಶದ ಜಸ್ಟಿಸ್ ಕೋರ್ಟಿಗೆ (ಸಣ್ಣ ವ್ಯಾಜ್ಯಗಳ ಸ್ಥಳೀಯ ಕೋರ್ಟು) ಹೋಗಬಹುದು. ವಕೀಲರ ಪತ್ರ ಬಂದ ದಿನ ಮಾತ್ರ ನೀವೂ ವಕೀಲರನ್ನೇ ಕಾಣಿ.

## ಕಾನೂನು ನಿಮ್ಮ ಕಡೆ ಇರುವ ಜಾಗಗಳು

ಬಾಗಿಲ ತೋರಣ, ದೇವರ ಚಿತ್ರ ತೆಗೆಯಿರಿ ಎಂದು ಹೇಳುವಂತಿಲ್ಲ. ಮೊದಲು ಬಾಗಿಲು, ಚೌಕಟ್ಟಿಗೆ ಸೀಮಿತವಾಗಿ 25 ಚದರ ಇಂಚಿನ ಮಿತಿ ಇತ್ತು. 2021ರಲ್ಲಿ ಅದನ್ನು ತೆಗೆದು ನಿಮ್ಮ ಇಡೀ ಜಾಗಕ್ಕೆ ವಿಸ್ತರಿಸಿದರು. ತುಳಸಿ ಕಟ್ಟೆಗೂ ಇದೇ ಆಧಾರ. ಆದರೆ ಬಿಲ್ಡಿಂಗ್ ಲೈನ್ ಅಥವಾ ಈಸ್‌ಮೆಂಟ್ ಮೇಲೆ ಕಟ್ಟಿದರೆ ಈ ರಕ್ಷಣೆ ಇಲ್ಲ. ಹಂತ 3 ಇಲ್ಲೂ ಬಿಡಬೇಡಿ.

ಭದ್ರತಾ ಕ್ಯಾಮೆರಾ, ಸುತ್ತುಬೇಲಿಯನ್ನು ಪೂರ್ತಿ ನಿಷೇಧಿಸುವಂತಿಲ್ಲ. ಬೇಲಿ ಯಾವ ಬಗೆಯದಿರಬೇಕು ಎಂದು ಮಾತ್ರ ಹೇಳಬಹುದು. ಸೋಲಾರ್ ಫಲಕಕ್ಕೂ ರಕ್ಷಣೆ ಇದೆ, ಷರತ್ತುಗಳೊಡನೆ.

## ಈ ಮಾತು ಕೇಳಿದರೆ ನಿಲ್ಲಿ

"ಈ ಬಡಾವಣೆಯಲ್ಲಿ ನೂರು ಬೇಲಿ ಹಾಕಿದ್ದೀವಿ, ಯಾರೂ ಕೇಳಲ್ಲ" ಎನ್ನುವ ಕಂಟ್ರಾಕ್ಟರ್. ನೋಟಿಸ್ ಬರುವುದು ಅವರಿಗಲ್ಲ, ನಿಮಗೆ.

"ಪರವಾಗಿಲ್ಲ, ಶುರು ಮಾಡಿ, ಪತ್ರ ಆಮೇಲೆ ಬರುತ್ತದೆ" ಎನ್ನುವ ಸಮಿತಿ ಸದಸ್ಯರು. ಬಾಯಿಮಾತಿಗೆ ಸಾಕ್ಷಿ ಇಲ್ಲ.

"811 ಬೇಡ, ಇಲ್ಲಿ ಏನೂ ಇಲ್ಲ" ಎನ್ನುವವರನ್ನಂತೂ ಆ ದಿನ ಅಗೆಯಲು ಬಿಡಲೇಬೇಡಿ.

## ಹಂತ 10: ಮುಗಿದ ಮೇಲೆ

ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಟೇಪ್ ಹಿಡಿದ ಒಂದು ಫೋಟೋ ಸೇರಿಸಿ, "ಕೆಲಸ ಮುಗಿದಿದೆ" ಎಂದು ಎಚ್‌ಒಎಗೆ ಇಮೇಲ್ ಕಳಿಸಿ. ಸಿಟಿ ಪರ್ಮಿಟ್ ಇದ್ದರೆ ಕೊನೆಯ ತಪಾಸಣೆ ಮಾಡಿಸಿ ಮುಚ್ಚಿಸಿ. ಒಪ್ಪಿಗೆ ಪತ್ರವನ್ನು ಸರ್ವೆ ನಕ್ಷೆಯ ಜೊತೆಗೇ ಇಡಿ. ನೀವು ಮನೆ ಮಾರುವ ದಿನ ಎಚ್‌ಒಎ ಕೊಡುವ ರೀಸೇಲ್ ಸರ್ಟಿಫಿಕೇಟ್‌ನಲ್ಲಿ ಮಂಡಳಿಗೆ ಗೊತ್ತಿರುವ ಷರತ್ತು ಉಲ್ಲಂಘನೆಗಳನ್ನು ನಮೂದಿಸಬೇಕು. ಆ ಹೊತ್ತಿಗೆ ಮ್ಯಾನೇಜ್‌ಮೆಂಟ್ ಕಂಪನಿ ಬದಲಾಗಿ, ನಿಮ್ಮ ಹಳೇ ಅರ್ಜಿ ಅವರ ಬಳಿ ಇಲ್ಲದೇ ಹೋಗಿರಬಹುದು. ನಿಮ್ಮ ಫೋಲ್ಡರ್‌ನಲ್ಲಿ ಇರುತ್ತದೆ.